ಮೂರು ಫೇರ್‌ಲೀಡ್, ಒಂದೂವರೆ ಹಗ್ಗ: ವಿಂಚ್‌ಗೆ ಸಿಂಥೆಟಿಕ್ ಹಗ್ಗ ಹಾಕಿಸಿದ ಮೇಲೆ ನಾಲ್ಕು ಮಳೆಗಾಲ

ನನ್ನದು 2013ರ ಥಾರ್, ಸಿಆರ್‌ಡಿಇ ಡೀಸೆಲ್ ಎಂಜಿನ್‌ನದ್ದು. ಮುಂದೆ, ಡ್ರಮ್ಮಿಗೆ ಹಗ್ಗ ಸುತ್ತಿಕೊಳ್ಳುತ್ತಾ ಗಾಡಿ ಎಳೆಯುವ 9,500 ಪೌಂಡ್‌ನ ಎಲೆಕ್ಟ್ರಿಕ್ ವಿಂಚ್ ಇದೆ. ಅಂದರೆ ಡ್ರಮ್ಮಿನ ಮೇಲೆ ಒಂದೇ ಸುತ್ತಿನ ಪದರ ಉಳಿದಾಗ ಸುಮಾರು 4,300 ಕೆಜಿ ಎಳೆಯುತ್ತದೆ. ಪದರ ಹೆಚ್ಚಿದ ಹಾಗೆಲ್ಲ ಆ ಬಲ ಇಳಿಯುತ್ತದೆ. ಸಕಲೇಶಪುರದ ಕಡೆ ನಮ್ಮ ತೋಟ, ಹಾಗಾಗಿ ನನಗೆ ವಿಂಚ್ ಶೋಕಿ ಅಲ್ಲ. ಜೂನ್ ಬಂತೆಂದರೆ ಒಂದೋ ಯಾರದ್ದಾದರೂ ಪಿಕಪ್ ಹೂತಿರುತ್ತದೆ, ಇಲ್ಲ ಸಿಲ್ವರ್ ಓಕ್ ಮರ ದಾರಿಗೆ ಅಡ್ಡ ಮಲಗಿರುತ್ತದೆ. ಆಗಾಗ ಗೆಳೆಯರ ಜೊತೆ ಬೆಟ್ಟ ಹತ್ತುವ ಚಟವೂ ಇದೆ, ಸುಳ್ಳು ಯಾಕೆ ಹೇಳಲಿ.

ಮೊದಲ ಮೂರು ವರ್ಷ ಉಕ್ಕಿನ ಕೇಬಲ್ಲೇ ಇತ್ತು. ಕೈಗವಸು ಇಲ್ಲದೆ ಮುಟ್ಟಿದರೆ ಎದ್ದ ತಂತಿ ಅಂಗೈಗೆ ಚುಚ್ಚುತ್ತಿತ್ತು. ಬಿಗಿಯಾಗಿದ್ದಾಗ ತುಂಡಾದರೆ ಚಾಟಿಯ ಹಾಗೆ ಬೀಸುತ್ತದೆ ಎನ್ನುವ ಭಯ ಬೇರೆ. ಕೊನೆಗೆ 10 ಎಂಎಂನ ಸಿಂಥೆಟಿಕ್ ಹಗ್ಗ ತಂದೆ. ಹನ್ನೆರಡು ಎಳೆಗಳ ಹೆಣಿಗೆ, 28 ಮೀಟರ್. ಡೈನೀಮಾ, ಸ್ಪೆಕ್ಟ್ರಾ ಎಂಬ ಹೆಸರುಗಳಲ್ಲಿ ಬರುವ ಅದೇ ಜಾತಿಯ ಪಾಲಿಎಥಿಲೀನ್ ನೂಲು. ತೂಕ ಉಕ್ಕಿನ ಏಳನೇ ಒಂದು ಭಾಗದಷ್ಟು ಅನ್ನಬಹುದು. ನೀರಲ್ಲಿ ತೇಲುತ್ತದೆ. ಒಂದು ಕೈಯಲ್ಲಿ ಇಡೀ ಸುರುಳಿ ಹಿಡಿದುಕೊಂಡು ದಿಬ್ಬ ಹತ್ತಿದಾಗ, ಇಷ್ಟು ದಿನ ಯಾಕೆ ಒದ್ದಾಡಿದೆ ಅನ್ನಿಸಿತು.

ಹಗ್ಗಕ್ಕೆ ಅಷ್ಟು ದುಡ್ಡು ಸುರಿದ ಮೇಲೆ ಫೇರ್‌ಲೀಡ್‌ಗೂ (ವಿಂಚ್ ಮುಂದೆ ಬಂಪರಿಗೆ ಕೂರಿಸುವ, ಹಗ್ಗ ಹಾದು ಹೊರಬರುವ ಚೌಕಟ್ಟು) ಯಾಕೆ ಖರ್ಚು ಎಂದು ಹಳೆಯದನ್ನೇ ಬಿಟ್ಟೆ. ತಪ್ಪಾಗಿದ್ದು ಅಲ್ಲೇ.

ಹಳೆಯದು ರೋಲರ್ ಫೇರ್‌ಲೀಡ್. ಅಡ್ಡ ಎರಡು, ಉದ್ದ ಎರಡು, ಒಟ್ಟು ನಾಲ್ಕು ಉಕ್ಕಿನ ರೋಲರ್. ಕೇಬಲ್‌ಗೆ ಅದು ಸರಿಯಾದ ಜೋಡಿಯೇ. ಹಗ್ಗಕ್ಕೆ ಅದರಿಂದ ಎರಡು ಕಾಟ. ಮೂರು ವರ್ಷ ಕೇಬಲ್ ಉಜ್ಜಿ ಉಜ್ಜಿ ರೋಲರ್ ಮೇಲೆ ಗೀರು ಬಿದ್ದಿರುತ್ತದೆ. ಗೀರಿನ ಅಂಚು ಕಣ್ಣಿಗೆ ಕಾಣುವುದಿಲ್ಲ. ಹತ್ತಿಯ ಉಂಡೆ ತಗೊಂಡು ಮೆಲ್ಲಗೆ ಸವರಿ ನೋಡಿ. ನೂಲು ಅಲ್ಲಲ್ಲಿ ಸಿಕ್ಕಿಕೊಂಡು ನಿಂತರೆ, ಹಗ್ಗದ ನೂಲೂ ಅಲ್ಲೇ ಹರಿಯುತ್ತದೆ. ನಾನು ಈ ಪರೀಕ್ಷೆ ಮಾಡಿದ್ದು ಹಗ್ಗ ಹೋದ ಮೇಲೆ. ನನ್ನ ಬುದ್ಧಿ ಯಾವಾಗಲೂ ಮಳೆ ನಿಂತ ಮೇಲೆ ಕೊಡೆ ಬಿಚ್ಚುವಂಥದ್ದು.

ಎರಡನೆಯದು ಮೂಲೆ. ಅಡ್ಡ ರೋಲರ್ ಮತ್ತು ಉದ್ದ ರೋಲರ್ ಕೂಡುವ ಜಾಗದಲ್ಲಿ ಒಂದು ಸಂದಿ ಇರುತ್ತದೆ. ಗಟ್ಟಿ ಕೇಬಲ್ ಅದರೊಳಗೆ ಹೋಗುವುದಿಲ್ಲ. ಸಿಂಥೆಟಿಕ್ ಹಗ್ಗ ಒತ್ತಡ ಬಿದ್ದರೆ ರಿಬ್ಬನ್ನಿನ ಹಾಗೆ ಚಪ್ಪಟೆಯಾಗುತ್ತದೆ, ಸಂದಿಗೆ ನುಗ್ಗಿ ಕೂರುತ್ತದೆ.

ಅವತ್ತು ಹಾಗೇ ಆಯಿತು. ಗೊಬ್ಬರ ತುಂಬಿದ ಪಿಕಪ್ ಒಂದು ಚರಂಡಿಗೆ ಇಳಿದಿತ್ತು. ಅದನ್ನು ಎಳೆಯಬೇಕಾದರೆ ನನ್ನ ಗಾಡಿ ಗದ್ದೆ ಬದುವಿನ ಮೇಲೆ ಓರೆಯಾಗಿಯೇ ನಿಲ್ಲಬೇಕಿತ್ತು, ಬೇರೆ ಜಾಗವೇ ಇರಲಿಲ್ಲ. ಹಗ್ಗ ಬಲಕ್ಕೆ ಸುಮಾರು 40 ಡಿಗ್ರಿ ತಿರುಗಿ ಹೋಗಿತ್ತು. ಎಳೆಯುವಾಗ ಕರ್ ಕರ್ ಅನ್ನುವ ಸಣ್ಣ ಸದ್ದು. ಬಗ್ಗಿ ನೋಡಿದೆ. ಬಲಗಡೆಯ ಕೆಳಗಿನ ಮೂಲೆಯಲ್ಲಿ ಹಗ್ಗ ರೋಲರ್‌ಗೂ ಫ್ರೇಮಿಗೂ ನಡುವೆ ಸಿಕ್ಕಿತ್ತು. ಎರಡು ಎಳೆ ಆಗಲೇ ಬಿಚ್ಚಿಕೊಂಡು ಹೂವಿನ ಹಾಗೆ ಅರಳಿ ನಿಂತಿದ್ದವು. ನಿಲ್ಲಿಸಬೇಕಿತ್ತು ಅಲ್ವಾ? ಇನ್ನು ಎರಡೇ ಅಡಿ, ಬಂದುಬಿಡುತ್ತದೆ ಎಂದು ಮತ್ತೆ ಬಟನ್ ಒತ್ತಿದೆ. ಟಪ್ ಅಂತ ಒಂದು ಸದ್ದು. ಹಗ್ಗ ಸತ್ತ ಕೇರೆಹಾವಿನ ಹಾಗೆ ಕೆಸರಲ್ಲಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಉಕ್ಕಿನ ಕೇಬಲ್ ಆಗಿದ್ದರೆ ಈ ಸಾಲು ಇಷ್ಟು ಹಗುರವಾಗಿ ಬರೆಯುತ್ತಿರಲಿಲ್ಲ.

ಹೊಸ ರೋಲರ್ ಹಾಕಿದರೆ ಸಿಂಥೆಟಿಕ್‌ಗೂ ನಡೆಯುತ್ತದೆ ಎನ್ನುವವರಿದ್ದಾರೆ. ನೇರ ಎಳೆತಕ್ಕೆ ನಡೆಯುತ್ತದೆ, ಇಲ್ಲ ಅನ್ನುವುದಿಲ್ಲ. ನಮ್ಮ ಕಡೆ ನೇರ ಎಳೆತ ಸಿಗುವುದು ಅಪರೂಪ.

ಹಗ್ಗಕ್ಕೆ ಸರಿಯಾದದ್ದು ಹಾಸ್ ಫೇರ್‌ಲೀಡ್. ತಿರುಗುವ ಭಾಗ ಒಂದೂ ಇಲ್ಲ. ಅಲ್ಯೂಮಿನಿಯಂ ಪಟ್ಟಿ, ನಡುವೆ ಉದ್ದನೆಯ ಬಾಯಿ, ಬಾಯಿಯ ತುಟಿ ಸುತ್ತಲೂ ಉರುಟು. ಎಲ್ಲಿಂದ ಎಳೆದರೂ ಸಿಕ್ಕಿಕೊಳ್ಳಲು ಸಂದಿಯೇ ಇಲ್ಲ. ತೂಕವೂ ಕಡಿಮೆ. ನನ್ನ ರೋಲರ್ ಸುಮಾರು 5 ಕೆಜಿ ಇತ್ತು, ಈಗಿನದು ಒಂದೂವರೆ ಕೆಜಿ ಇರಬಹುದು.

ಹಾಸ್ ಅಂದರೆ ಎಲ್ಲಾ ಒಂದೇ ಅಂದುಕೊಂಡು ಎರಡನೇ ತಪ್ಪು ಮಾಡಿದೆ. ಆನ್‌ಲೈನ್‌ನಲ್ಲಿ ಕೆಂಪು ಬಣ್ಣದ್ದು ಒಂದು ತರಿಸಿದೆ. ಫೋಟೋದಲ್ಲಿ ಮದುಮಗನ ಹಾಗೆ ಕಾಣುತ್ತಿತ್ತು. ಕಂಪನಿಯ ಹೆಸರು ಹೇಳಿ ಪ್ರಯೋಜನವಿಲ್ಲ. ಅದೇ ಅಚ್ಚಿನ ಮಾಲಿಗೆ ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿ ಮಾರುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಟಿಯ ಮೇಲಿನ ಪೌಡರ್ ಕೋಟಿಂಗ್ ಸಿಪ್ಪೆಯ ಹಾಗೆ ಎದ್ದಿತು. ಎದ್ದ ಬಣ್ಣದ ಅಂಚೇ ಬ್ಲೇಡು. ಒಳಗೆ ಎರಕದ ಅಲ್ಯೂಮಿನಿಯಂ, ನೀರ್‌ದೋಸೆಯ ಹಾಗೆ ಸಣ್ಣ ಸಣ್ಣ ತೂತು. ಇನ್ನೊಂದು ತಮಾಷೆ ನೋಡಿ. ಹೆಸರನ್ನು ಕೆತ್ತಿದ್ದು ಸರಿಯಾಗಿ ಕೆಳತುಟಿಯ ಮೇಲೆ, ಹಗ್ಗ ಹೆಚ್ಚು ಉಜ್ಜುವ ಜಾಗದಲ್ಲಿ! ಕೆತ್ತಿದ ಒಂದೊಂದು ಅಕ್ಷರವೂ ಅರದ ಹಲ್ಲು. ಹಗ್ಗದ ಮೇಲೆ ಆ ಅಕ್ಷರಗಳ ಅಳತೆಗೇ ಜುಂಗು ಎದ್ದಿತ್ತು.

ಅದನ್ನು ಪೀಣ್ಯದ ಒಂದು ವರ್ಕ್‌ಶಾಪಿಗೆ ತಗೊಂಡು ಹೋದೆ. ಬಣ್ಣ ತೆಗೆಸಿ, ಅಕ್ಷರ ತೀಡಿಸಿ, ನೀರು ಹಾಕಿಕೊಂಡು 400, 600, 1000 ನಂಬರಿನ ಉಜ್ಜುಕಾಗದದಲ್ಲಿ ನುಣುಪು ಮಾಡಿಸಿದೆ. ಸುಮಾರಾಗಿ ಕೆಲಸಕ್ಕೆ ಬಂತು. ಆದರೆ ತುಟಿಯ ತಿರುವು ಬಿಗಿಯಾಗಿದ್ದದ್ದು ಬಿಗಿಯಾಗಿಯೇ ಉಳಿಯಿತು. ಅದನ್ನು ಯಾವ ಉಜ್ಜುಕಾಗದವೂ ಸರಿ ಮಾಡುವುದಿಲ್ಲ.

ಕೊಳ್ಳುವಾಗ ನೋಡಬೇಕಾದ್ದು ಬಣ್ಣ ಅಲ್ಲ, ಈ ತಿರುವು. ಹಗ್ಗ ಎಷ್ಟು ಬಿಗಿಯಾಗಿ ಬಾಗುತ್ತದೋ ಹೊರಗಿನ ನೂಲುಗಳ ಮೇಲೆ ಅಷ್ಟು ಜಾಸ್ತಿ ಎಳೆತ, ಒಳಗಿನ ನೂಲುಗಳ ಮೇಲೆ ಅಷ್ಟು ಒತ್ತಡ. ಅಗಲವಾಗಿ ಬಾಗಿದರೆ ಭಾರ ಹಂಚಿಹೋಗುತ್ತದೆ. ಅಂಗಡಿಯಲ್ಲಿ ಅಳತೆಪಟ್ಟಿ ಕೇಳಿದರೆ ನಗುತ್ತಾರೆ. ಜೇಬಿನಿಂದ 10 ರೂಪಾಯಿ ನಾಣ್ಯ ತೆಗೆಯಿರಿ. ಅದರ ಅಡ್ಡಳತೆ 27 ಎಂಎಂ. ನಾಣ್ಯದ ಅಂಚನ್ನು ತುಟಿಯ ಬದಿಗೆ ಹಿಡಿದು ನೋಡಿ. ತುಟಿಯ ತಿರುವು ನಾಣ್ಯಕ್ಕಿಂತ ಬಿಗಿಯಾಗಿದ್ದರೆ ವಾಪಸ್ ಇಡಿ. ಇದು ಯಾವ ಪುಸ್ತಕದ ಅಳತೆಯೂ ಅಲ್ಲ, 10 ಎಂಎಂ ಹಗ್ಗಕ್ಕೆ ನಾನು ಇಟ್ಟುಕೊಂಡ ಲೆಕ್ಕ. ಸಾಮಾನ್ಯವಾಗಿ ಒಂದು ಇಂಚು ದಪ್ಪದ ಫೇರ್‌ಲೀಡ್ ಇದರಲ್ಲಿ ಕೂದಲೆಳೆಯಲ್ಲಿ ಸೋಲುತ್ತದೆ, ಒಂದೂವರೆ ಇಂಚಿನದ್ದು ಪಾಸಾಗುತ್ತದೆ.

ಈಗಿರುವುದು ಮೂರನೆಯದು, ಒಂದೂವರೆ ಇಂಚು ದಪ್ಪದ್ದು. 6061 ದರ್ಜೆಯ ಅಲ್ಯೂಮಿನಿಯಂ ಗಟ್ಟಿಯಿಂದ ಕೊರೆದು ಮಾಡಿದ್ದು, ಎರಕ ಅಲ್ಲ. ಮೇಲೆ ಕಪ್ಪು ಹಾರ್ಡ್ ಆನೋಡೈಸಿಂಗ್. ಇದು ಬಣ್ಣ ಅಲ್ಲ, ಲೋಹದ ಮೇಲ್ಮೈಯೇ ಗಟ್ಟಿಯಾಗುವುದು. ಹಾಗಾಗಿ ಸಿಪ್ಪೆ ಏಳುವ ಮಾತಿಲ್ಲ. ಕೆಂಪು ಮದುಮಗನ ಎರಡೂವರೆ ಪಟ್ಟು ಬೆಲೆ. ಹಾಕಿ ಎರಡು ವರ್ಷ ಐದು ತಿಂಗಳಾಯಿತು.

ನಿನ್ನೆ ತೊಳೆದು ಹತ್ತಿರದಿಂದ ನೋಡಿದೆ. ಬಲಗಡೆ ಕೆಳಗಿನ ತಿರುವಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗ ಕಪ್ಪು ಹೋಗಿ ಬೆಳ್ಳಿ ಬಣ್ಣ ಬಂದಿದೆ. ನಾನು ಜಾಸ್ತಿ ಎಳೆಯುವುದು ಬಲಕ್ಕೇ ಇರಬೇಕು. ಉಗುರಲ್ಲಿ ಗೀರಿದರೆ ಅಂಚು ಸಿಗುವುದಿಲ್ಲ. ಹತ್ತಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಹಗ್ಗದ ಮೇಲೆ ಸಣ್ಣ ನವಿರು ಎದ್ದಿದೆ, ಕಂಬಳಿಯ ಹಾಗೆ. ಅದು ಮಾಮೂಲು, ಗಾಬರಿ ಬೇಡ. ಎಳೆ ಪೂರ್ತಿ ತುಂಡಾಗಿದ್ದರೆ ಮಾತ್ರ ಅಲ್ಲಿಗೆ ಕತ್ತರಿಸಿ ಹೊಸದಾಗಿ ಸ್ಪ್ಲೈಸ್ ಮಾಡಬೇಕು, ಅಂದರೆ ಗಂಟಿಲ್ಲದೆ ಹೆಣಿಗೆಯೊಳಗೇ ಸೇರಿಸಬೇಕು. ಗಂಟು ಹಾಕಿ ಕೆಲಸ ಸಾಗಿಸಬೇಡಿ, ಗಂಟು ಬಿದ್ದ ಕಡೆ ಹಗ್ಗದ ಬಲ ಹತ್ತಿರತ್ತಿರ ಅರ್ಧಕ್ಕೆ ಇಳಿಯುತ್ತದೆ. ಹಗ್ಗದ ತುದಿಯನ್ನು ಅದರದೇ ಹೊಟ್ಟೆಯೊಳಗೆ ಎರಡು ಅಡಿಗಿಂತ ಜಾಸ್ತಿ ತೂರಿಸಿ ಸ್ಪ್ಲೈಸ್ ಮಾಡುವುದು ಕಲಿಯಲು ನನಗೆ ಒಂದು ಸಂಜೆ ಸಾಕಾಯಿತು. ತುಂಡಾದ ಹಗ್ಗದ ಅರ್ಧ ಹೀಗೇ ಸ್ಪ್ಲೈಸ್ ಆಗಿ ಈಗ ಎಕ್ಸ್‌ಟೆನ್ಶನ್ ಆಗಿ ಗಾಡಿಯಲ್ಲಿದೆ. ಮೇಲೆ ಒಂದೂವರೆ ಹಗ್ಗ ಅಂದದ್ದು ಅದಕ್ಕೇ.

ದೂರು ಇಲ್ಲ ಅಂತಲ್ಲ. ಅಲ್ಯೂಮಿನಿಯಮ್ಮಿಗೆ ಉಕ್ಕಿನ ಬೋಲ್ಟ್ ಹಾಕಿದರೆ ನಮ್ಮ ಮಳೆಗೆ ನಡುವೆ ಬಿಳಿ ಬೂದಿ ಕಟ್ಟುತ್ತದೆ. ಮೊದಲ ವರ್ಷ ಬಿಚ್ಚಲು ಸುತ್ತಿಗೆ ಬೇಕಾಯಿತು. ಈಗ ಗ್ರೀಸ್ ಸವರಿ ಹಾಕುತ್ತೇನೆ. ದಪ್ಪ ಇರುವುದರಿಂದ ಬಂಪರಿನಿಂದ ಮುಂದಕ್ಕೆ ಚಾಚುತ್ತದೆ. ಉದ್ದನೆಯ ಎಳೆತದಲ್ಲಿ, ಅದೂ ಓರೆ ಎಳೆತದಲ್ಲಿ, ತುಟಿ ಬಿಸಿಯಾಗುತ್ತದೆ. ರೋಲರ್ ಉರುಳುತ್ತಿತ್ತು, ಇದರ ಮೇಲೆ ಹಗ್ಗ ಜಾರುತ್ತದೆ, ಬಿಸಿ ಆಗಲೇಬೇಕು. ಈ ನೂಲು 150 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಬಲ ಕಳೆದುಕೊಳ್ಳುವುದು ಅದಕ್ಕಿಂತ ಎಷ್ಟೋ ಮೊದಲೇ ಶುರು. ಹಾಗಾಗಿ ಸ್ವಲ್ಪ ಎಳೆದು, ನಿಲ್ಲಿಸಿ, ಕೈಯಿಟ್ಟು ನೋಡಿ, ಮತ್ತೆ ಎಳೆಯುತ್ತೇನೆ. ಮೋಟಾರಿಗೂ ಅದೇ ಒಳ್ಳೆಯದು. ಸಾಧ್ಯವಾದರೆ ಸ್ನ್ಯಾಚ್ ಬ್ಲಾಕ್ (ಹಗ್ಗ ಹಾಯುವ ರಾಟೆ) ಹಾಕಿ ಮರದಿಂದ ದಿಕ್ಕು ತಿರುಗಿಸಿಕೊಳ್ಳಿ, ಫೇರ್‌ಲೀಡ್ ಮೇಲೆ ಓರೆ ಬೀಳುವುದೇ ತಪ್ಪುತ್ತದೆ. ಅಂದ ಹಾಗೆ ಎಷ್ಟೋ ವಿಂಚ್‌ಗಳಲ್ಲಿ ಬ್ರೇಕ್ ಡ್ರಮ್ಮಿನ ಒಳಗೇ ಇರುತ್ತದೆ. ಭಾರ ಹೊತ್ತ ಗಾಡಿಯನ್ನು ವಿಂಚ್‌ನಲ್ಲೇ ಇಳಿಜಾರಿಗೆ ಬಿಟ್ಟರೆ ಡ್ರಮ್ ಕಾದು ಒಳಗಿನ ಸುತ್ತು ಸುಡುತ್ತದೆ. ಆ ತಪ್ಪನ್ನು ಫೇರ್‌ಲೀಡ್ ತಲೆಗೆ ಕಟ್ಟಬೇಡಿ.

ಅಳತೆಯಲ್ಲಿ ಎಡವುವುದು ಕಡಿಮೆ. ಈ ಗಾತ್ರದ ವಿಂಚ್‌ಗಳಿಗೆ ಎರಡು ಬೋಲ್ಟ್ ನಡುವೆ 10 ಇಂಚು, ಅಂದರೆ 254 ಎಂಎಂ. ಎಟಿವಿಗಳ (ಬೈಕಿನ ಹಾಗೆ ಕೂತು ಓಡಿಸುವ ನಾಲ್ಕು ಚಕ್ರದ ಚಿಕ್ಕ ಗಾಡಿ) ಚಿಕ್ಕ ವಿಂಚ್‌ಗೆ ಇದರ ಅರ್ಧದಷ್ಟು.

ಯಾರೂ ಹೇಳದ ಇನ್ನೊಂದು ಮಾತು. ಫೇರ್‌ಲೀಡ್ ಎಷ್ಟೇ ನುಣುಪಾಗಿರಲಿ, ಅದರ ಹಿಂದೆ ಬಂಪರಿನ ತಗಡಿದೆ ಅಲ್ವಾ? ಆ ತಗಡಿನ ಕಿಂಡಿ ಫೇರ್‌ಲೀಡ್ ಬಾಯಿಗಿಂತ ದೊಡ್ಡದಾಗಿರಬೇಕು. ನನ್ನ ಬಂಪರ್ ಮಾಡಿದವರು ರೋಲರ್ ಅಳತೆಗೆ ಗ್ಯಾಸ್‌ನಲ್ಲಿ ಕತ್ತರಿಸಿದ್ದರು. ಡ್ರಮ್ಮಿನ ಎಡ ತುದಿಯಿಂದ ಬರುವ ಹಗ್ಗ ಆ ಒರಟು ಅಂಚಿಗೆ ತಾಗಿಕೊಂಡೇ ಹೊರಗೆ ಬರುತ್ತಿತ್ತು. ಹೊರಗಿನಿಂದ ನೋಡಿದರೆ ಗೊತ್ತಾಗುವುದೇ ಇಲ್ಲ. ಟಾರ್ಚ್ ಬಿಟ್ಟು ಒಳಗೆ ಇಣುಕಿದಾಗ ತಗಡಿನ ಅಂಚಿನಲ್ಲಿ ಹಗ್ಗದ ನೀಲಿ ನೂಲು ಅಂಟಿತ್ತು. ಗ್ರೈಂಡರ್‌ನಲ್ಲಿ ಎರಡೂ ಕಡೆ ಬೆರಳಿನಷ್ಟು ತೆಗೆಸಿ, ಅಂಚು ಉರುಟು ಮಾಡಿಸಿದೆ.

ನಂಬರ್ ಪ್ಲೇಟಿನ ತಲೆನೋವು ಬೇರೆ. ಹಿಂದೆ ರೋಲರ್ ಮುಂದೆ ಪ್ಲೇಟ್ ನೇತು ಹಾಕಿ ಬೇಕಾದಾಗ ಬಿಚ್ಚುತ್ತಿದ್ದೆ. ಈಗ ಎಚ್‌ಎಸ್‌ಆರ್‌ಪಿ. ಅದರ ಲಾಕ್ ಒಂದು ಸಲ ಕೂತರೆ ಮುರಿದೇ ತೆಗೆಯಬೇಕು. ಕೊನೆಗೆ ಪ್ಲೇಟ್ ಕೂತ ಬ್ರಾಕೆಟ್ಟಿಗೇ ಕೀಲು ಹಾಕಿಸಿದೆ, ಎಳೆಯುವಾಗ ಮೇಲಕ್ಕೆತ್ತುತ್ತೇನೆ. ಬಂಪರ್ ವಿಷಯದಲ್ಲಿ ಪೊಲೀಸರು ಕೇಳಿದರೆ ನನ್ನನ್ನು ಬೈಯಬೇಡಿ. ಕ್ರ್ಯಾಶ್ ಗಾರ್ಡ್‌ಗಳ ಮೇಲೆ ಕ್ರಮ ತಗೊಳ್ಳಿ ಎಂದು ಕೇಂದ್ರದ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ.

ಆರೈಕೆ ದೊಡ್ಡದೇನಿಲ್ಲ. ನಮ್ಮ ಕೆಂಪು ಮಣ್ಣಿನ ಹರಳು ಹೆಣಿಗೆಯೊಳಗೆ ಸೇರಿದರೆ ಒಳಗಿಂದಲೇ ಕೊರೆಯುತ್ತದೆ. ಪ್ರತಿ ಸಲವೂ ಬಕೆಟ್ ನೀರಲ್ಲಿ ಹಗ್ಗ ಅದ್ದಿ ತೊಳೆದು, ನೆರಳಲ್ಲಿ ಒಣಗಿಸಿ ಸುತ್ತುತ್ತೇನೆ. ಫೇರ್‌ಲೀಡ್‌ಗೆ ಒಂದು ಒದ್ದೆ ಬಟ್ಟೆ ಸಾಕು.

ಈಗಿನ ಈ ಮೂರನೇ ಫೇರ್‌ಲೀಡ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ಬಿಳಿ ಬೂದಿಗೆ. ಇದರ ಮೇಲೆ ಸುಮ್ನೆ ಒಂದೇ ಒಂದು ಸಲ ಎಂದು ಉಕ್ಕಿನ ಕೇಬಲ್ ಹಾಯಿಸಿದರೂ ಮುಗಿಯಿತು, ಮೆದು ಅಲ್ಯೂಮಿನಿಯಂ ಮೇಲೆ ಗರಗಸದ ಗೆರೆ ಬೀಳುತ್ತದೆ. ಆಮೇಲೆ ಹಗ್ಗಕ್ಕೆ ಅದು ಬರುವುದಿಲ್ಲ.

ಹಳೆಯ ರೋಲರ್ ಬಿಸಾಡಲಿಲ್ಲ. ಪಕ್ಕದ ತೋಟದವರ ಎಂಎಂ 540 ಜೀಪಿನ ವಿಂಚ್‌ನಲ್ಲಿ ಇನ್ನೂ ಉಕ್ಕಿನ ಕೇಬಲ್ಲೇ ಇದೆ. ಗ್ರೀಸ್ ತುಂಬಿ ಅದಕ್ಕೆ ಹಾಕಿಕೊಟ್ಟೆ, ಚೆನ್ನಾಗಿ ತಿರುಗುತ್ತಿದೆ. ಮೊನ್ನೆ ಅವರೂ ಸಿಂಥೆಟಿಕ್ ಹಗ್ಗದ ರೇಟ್ ಕೇಳಿದರು. ನಾನು ಮೊದಲು ಫೇರ್‌ಲೀಡ್ ರೇಟ್ ಹೇಳಿದೆ. ಯೋಚನೆ ಮಾಡಿ ಹೇಳ್ತೀನಿ ಅಂದರು.