ಯೆಸ್ ಕೇಳಬೇಕು ಅಂದರೆ ಮೊದಲು ಯಾವ ಆಲ್ಬಂ?

ಯೆಸ್ ಅನ್ನುವ ರಾಕ್ ಬ್ಯಾಂಡ್ ಲಂಡನ್ನಿನಲ್ಲಿ ಶುರುವಾಗಿದ್ದು 1968ರಲ್ಲಿ. 2023ರಲ್ಲೂ ಅವರ ಹೊಸ ಆಲ್ಬಂ ಬಂದಿದೆ. ನಡುವೆ ಎಷ್ಟೋ ಜನ ಬಂದರು, ಹೋದರು. ಹೊಸಬರಿಗೆ ಹೆಚ್ಚಾಗಿ ಸಿಗುವ ಸಲಹೆ ನಾಲ್ಕು ಆಲ್ಬಂಗಳದ್ದು. ನಾಲ್ಕನ್ನೂ ಪೂರ್ತಿ, ಹಾಡು ದಾಟಿಸದೆ, ಮತ್ತೆ ಮತ್ತೆ ಕೇಳಿ ನೋಡಿದೆ.

'ಫ್ರ್ಯಾಜೈಲ್' (1971) ಎಲ್ಲಕ್ಕಿಂತ ಸುಲಭ ಅಂತಾರೆ. ಅರ್ಧ ನಿಜ. 'ರೌಂಡಬೌಟ್' ಎಂಟೂವರೆ ನಿಮಿಷದ ಹಾಡು, ಆದರೂ ಉದ್ದ ಅನಿಸುವುದಿಲ್ಲ. ಕ್ರಿಸ್ ಸ್ಕ್ವೈರ್ ಅವರ ಬೇಸ್ ಗಿಟಾರೇ ಹಾಡನ್ನು ಎಳೆದುಕೊಂಡು ಹೋಗುತ್ತದೆ. ಆದರೆ ಬ್ಯಾಂಡಿನ ಐದೂ ಜನರಿಗೆ ಒಂದೊಂದು ಸ್ವಂತ ತುಣುಕು ಹಂಚಿದ್ದಾರೆ. ಸ್ಟೀವ್ ಹೋವ್ ಗಿಟಾರ್ ತುಣುಕು ಚಂದ. ರಿಕ್ ವೇಕ್‌ಮನ್ ಕೀಬೋರ್ಡಿನಲ್ಲಿ ಜರ್ಮನ್ ಸಂಗೀತಗಾರ ಬ್ರಾಹ್ಮ್ಸ್ ಅವರ ರಚನೆ ನುಡಿಸಿದ್ದು ಸುಮ್ನೆ ಜಾಗ ತುಂಬಿಸಿದ ಹಾಗಿದೆ.

ನನ್ನ ಓಟು 'ಕ್ಲೋಸ್ ಟು ದಿ ಎಡ್ಜ್' (1972) ಆಲ್ಬಂಗೆ. ಮೂರೇ ಹಾಡು. ಮೊದಲನೆಯದೇ ಎಲ್ಪಿಯ (ಗ್ರಾಮಫೋನ್ ತಟ್ಟೆಯ) ಒಂದು ಬದಿ ಪೂರ್ತಿ, 18 ನಿಮಿಷಕ್ಕೂ ಜಾಸ್ತಿ. ಹಕ್ಕಿ, ನೀರಿನ ಸದ್ದಿನಿಂದ ಶುರುವಾಗಿ ಏಕಾಏಕಿ ಗದ್ದಲಕ್ಕೆ ಬೀಳುತ್ತದೆ. ಮೊದಲ ಸಲ ತಲೆ ಗಿರ್ರೆನ್ನುತ್ತದೆ, ಅಲ್ಲೇ ನಿಲ್ಲಿಸಬೇಡಿ. ಅದೇ ಪಲ್ಲವಿ ಬೇರೆ ಬೇರೆ ವೇಗದಲ್ಲಿ, ಬೇರೆ ವಾದ್ಯಗಳ ಜೊತೆ ಮರಳಿ ಬರುತ್ತಿರುತ್ತದೆ. ಕಿವಿಗೆ ಅದು ಸಿಕ್ಕಿತು ಅಂದರೆ ದಾರಿ ಗೊತ್ತಾಗುತ್ತದೆ. ನಡುವೆ ಎಲ್ಲ ಶಾಂತವಾಗಿ, ನಿಧಾನಕ್ಕೆ ದನಿಗಳು ಏರಿ, ಲಂಡನ್ನಿನ ಚರ್ಚೊಂದರಲ್ಲಿ ನುಡಿಸಿದ ಆರ್ಗನ್ ಮೊಳಗುತ್ತದಲ್ಲ, ಅಲ್ಲಿಗೆ ನಾನು ಸೋತೆ. ಬಿಲ್ ಬ್ರೂಫರ್ಡ್ ಡ್ರಮ್ಸ್ ಎಲ್ಲೂ ಸಲೀಸಾಗಿ ಸಾಗಲು ಬಿಡುವುದಿಲ್ಲ. ಈ ಆಲ್ಬಂ ಮುಗಿಸಿ ಆತ ಕಿಂಗ್ ಕ್ರಿಮ್ಸನ್ ಅನ್ನುವ ಇನ್ನೊಂದು ಬ್ಯಾಂಡ್ ಸೇರಿದರು. ಆಮೇಲೆ ಯೆಸ್‌ಗೆ ಆ ಚುರುಕು ಮತ್ತೆ ಸಿಗಲಿಲ್ಲ ಅಂತ ನನ್ನ ಅನಿಸಿಕೆ.

'ಟೇಲ್ಸ್ ಫ್ರಂ ಟೊಪೊಗ್ರಾಫಿಕ್ ಓಶನ್ಸ್' (1973) ಬಗ್ಗೆ ನಮಗೆ ಕುತೂಹಲ ಜಾಸ್ತಿ. ಪರಮಹಂಸ ಯೋಗಾನಂದರ ಆತ್ಮಕಥೆಯಲ್ಲಿ ನಾಲ್ಕು ಬಗೆಯ ಶಾಸ್ತ್ರಗಳನ್ನು ವಿವರಿಸುವ ಒಂದು ಅಡಿಟಿಪ್ಪಣಿ ಇದೆ. ಗಾಯಕ ಜಾನ್ ಆಂಡರ್ಸನ್ ಅದನ್ನು ಓದಿ ಈ ಯೋಜನೆ ಹಾಕಿದರು. ಎರಡು ಎಲ್ಪಿ, ನಾಲ್ಕು ಬದಿ, ನಾಲ್ಕೇ ಹಾಡು, 80 ನಿಮಿಷ! ಹಾಗಂತ ರಾಗ, ಆಲಾಪ ಹುಡುಕಬೇಡಿ, ಇದು ಇಂಗ್ಲೆಂಡಿನ ರಾಕ್. ಒಂದು ಎಲ್ಪಿಗೆ ಜಾಸ್ತಿ, ಎರಡಕ್ಕೆ ಕಮ್ಮಿ ಸರಕು ಇತ್ತು ಅನ್ನುವುದು ವೇಕ್‌ಮನ್ ದೂರು. 1974ರಲ್ಲಿ ಬ್ಯಾಂಡ್ ಬಿಟ್ಟೇ ಹೋದರು. ಕೇಳಿದರೆ ಅವರ ಮಾತು ಸರಿ ಅನಿಸುತ್ತದೆ. ಎರಡನೇ ಬದಿಯಲ್ಲಿ ನನಗೆ ನಿದ್ದೆ ಬಂತು. ನಾಲ್ಕನೆಯದರಲ್ಲಿ ಮಾತ್ರ ನಮ್ಮ ತನಿ ಆವರ್ತನದಂಥ ಒಂದು ಭಾಗ ಬರುತ್ತದೆ, ಅದಕ್ಕಾಗಿ ಕಾಯಬಹುದು. ಮೊದಲ ಆಲ್ಬಂ ಆಗಿ ಮಾತ್ರ ಬೇಡವೇ ಬೇಡ.

'90125' (1983) ಬೇರೆಯೇ ಲೋಕ. ಹೆಸರು ರೆಕಾರ್ಡ್ ಕಂಪನಿಯ ಕ್ಯಾಟಲಾಗ್ ನಂಬರು, ಅಷ್ಟೇ. ಹೋವ್ ಜಾಗಕ್ಕೆ ದಕ್ಷಿಣ ಆಫ್ರಿಕಾದ ಟ್ರೆವರ್ ರೇಬಿನ್ ಬಂದರು. 'ಓನರ್ ಆಫ್ ಎ ಲೋನ್ಲಿ ಹಾರ್ಟ್' 1984ರ ಜನವರಿಯಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆಯಿತು. ನಾಲ್ಕೂವರೆ ನಿಮಿಷದ ಹಾಡು, ಪಾತ್ರೆ ತೊಳೆಯುತ್ತಾ ಕೇಳಬಹುದು. ಹಳೇ ಅಭಿಮಾನಿಗಳು ಇದನ್ನು ಯೆಸ್ ಅಂತಲೇ ಒಪ್ಪುವುದಿಲ್ಲ. ಅಂಥವರಿಗೆ ನಾನು ಇದೇ ಆಲ್ಬಂನ 'ಲೀವ್ ಇಟ್' ಹಾಕಿ ಕೇಳಿಸುತ್ತೇನೆ. ಅಷ್ಟು ದನಿಗಳನ್ನು ಹಾಗೆ ಹೆಣೆಯುವವರು ಇವರಲ್ಲದೆ ಇನ್ಯಾರು?