ಚರ್ಚ್ ಸ್ಟ್ರೀಟ್ ಕಾಫಿ ಹೌಸ್: ಸಾಹುಕಾರ ಇಲ್ಲದ ಹೋಟ್ಲಲ್ಲಿ ಒಂದು ಮಧ್ಯಾಹ್ನ

ಹೋದ ವಾರ ಬ್ಲಾಸಮ್ಸಲ್ಲಿ ಎರಡು ಹಳೇ ಪುಸ್ತಕ ತಗೊಂಡು ಅಲ್ಲಿಂದ ಸೀದಾ ಇಂಡಿಯಾ ಕಾಫಿ ಹೌಸಿಗೆ ಹೋದ್ವಿ, ನಾನು ಮತ್ತೆ ನನ್ನ ಹಳೇ ಫ್ರೆಂಡ್ ಒಬ್ಬ. ನಾವಿಬ್ರೂ ಒಂದು ಕಾಲದಲ್ಲಿ ಇದೇ ಬೆಂಗಳೂರಿನ ಒಂದು ಹೋಟ್ಲಲ್ಲಿ ಜೊತೆಗೆ ಕೆಲಸಕ್ಕಿದ್ವಿ, ಯಾವ ಹೋಟೆಲ್ ಅಂತ ಹೆಸರು ಬೇಡ ಬಿಡಿ, ನಾನು ಮೊದಲು ಕ್ಲೀನರ್ ಆಮೇಲೆ ಸಪ್ಲೈಯರ್ ಆಗಿ ಎರಡು ವರ್ಷ ಇದ್ದು ಡಿಗ್ರಿ ಮುಗಿಸ್ಕೊಂಡು ಬೇರೆ ಕೆಲಸಕ್ಕೆ ಹೋದೆ, ಅವನು ಇವತ್ತಿಗೂ ಹೋಟೆಲ್ ಲೈನಲ್ಲೇ ಇದಾನೆ. ಅದಕ್ಕೇ ಈ ರಿವ್ಯೂನಲ್ಲಿ ದೋಸೆ ಕಾಫಿ ಜೊತೆಗೆ ಬೇರೆ ವಿಷಯನೂ ಜಾಸ್ತಿ ಬರುತ್ತೆ, ಬರೀ ಏನು ತಿನ್ಬೇಕು ಅಂತ ತಿಳ್ಕೊಳ್ಳೋಕೆ ಬಂದವ್ರು ಮುಂದಿನ ಪ್ಯಾರಾ ಓದಿದ್ರೆ ಸಾಕು.

ತಿಂಡಿ: ಸ್ಕ್ರಾಂಬಲ್ಡ್ ಎಗ್ ಜೊತೆ ಟೋಸ್ಟ್, ಇದನ್ನ ಬಿಡ್ಬೇಡಿ. ಮೊಟ್ಟೆ ಒಣಗಿ ಪುಡಿಪುಡಿ ಆಗಿರಲ್ಲ, ಮೆತ್ತಗೆ ಬೆಣ್ಣೆ ವಾಸನೆ ಬರ್ತಾ ಇರುತ್ತೆ, ಮೇಲೆ ಸ್ವಲ್ಪ ಕಾಳು ಮೆಣಸಿನ ಪುಡಿ ಉದುರಿಸ್ಕೊಂಡು ಬಿಸಿ ಇರೋವಾಗ್ಲೇ ತಿಂದ್ಬಿಡಿ. ಮಸಾಲೆ ದೋಸೆ ಬಸವನಗುಡಿ ಮಲ್ಲೇಶ್ವರದ ಥರ ತುಪ್ಪ ಸುರಿಯೋ ದೋಸೆ ಅಲ್ಲ, ಅದನ್ನ ಅಂದ್ಕೊಂಡು ಹೋಗ್ಬೇಡಿ, ಇದು ತೆಳ್ಳಗೆ ಗರಿಗರಿ, ಹೊಟ್ಟೆಗೆ ಭಾರ ಆಗಲ್ಲ. ಕಟ್ಲೆಟ್ ನನಗಿಷ್ಟ, ನನ್ನ ಫ್ರೆಂಡಿಗೆ ಅಷ್ಟೇನೂ ಹಿಡಿಸ್ಲಿಲ್ಲ. ಕಾಫಿ ದಪ್ಪ ಬಿಳಿ ಪಿಂಗಾಣಿ ಕಪ್ಪು ಸಾಸರಲ್ಲಿ ಬರುತ್ತೆ, ಸ್ಟೀಲ್ ಲೋಟದ ಫಿಲ್ಟರ್ ಕಾಫಿ ಕುಡಿದು ಬೆಳೆದ ನಾಲಿಗೆಗೆ ಮೊದಲ ಗುಟುಕು ಸ್ವಲ್ಪ ಬೇರೆ ಅನ್ಸುತ್ತೆ, ಎರಡನೇ ಕಪ್ಪಿಗೆ ಒಗ್ಗುತ್ತೆ. ಅದೇ ರಸ್ತೆಯ ಬೇರೆ ಕೆಫೆಗಳ ರೇಟ್ ನೋಡಿದವ್ರಿಗೆ ಇಲ್ಲಿನ ಬಿಲ್ ನೋಡಿ ಜೀವ ತಣ್ಣಗಾಗುತ್ತೆ.

ಗೋಡೆ ಮೇಲೆ ಸರ್ಕಾರದ ಕಾಫಿ ಬೋರ್ಡಿನ ಕಾಲದ ಹಳೇ ಜಾಹೀರಾತು ಪೋಸ್ಟರುಗಳಿವೆ, ಬೇರರುಗಳು ಬಿಳಿ ಯೂನಿಫಾರ್ಮು, ತಲೆಗೆ ಗಂಜಿ ಹಾಕಿ ಬೀಸಣಿಗೆ ಥರ ನಿಲ್ಲಿಸಿದ ಪೇಟ, ಸೊಂಟಕ್ಕೆ ಅಗಲವಾದ ಪಟ್ಟಿ. ಆ ಪಟ್ಟಿ ಬಣ್ಣ ಹುದ್ದೆ ಮೇಲೆ ಬದಲಾಗುತ್ತೆ. ಫೋಟೋ ತೆಗೆಯೋರು ತುಂಬಾ ಜನ ಈ ಪೇಟ ನೋಡಿ ಹಳೇ ಬ್ರಿಟಿಷ್ ಕಾಲದ ನೆನಪು ಅಂತ ಹಾಕ್ಕೋತಾರೆ, ಯೂನಿಫಾರ್ಮ್ ಆ ಕಾಲದ್ದೇ ಇರಬಹುದು, ಆದ್ರೆ ಅದನ್ನ ಹಾಕ್ಕೊಂಡಿರೋ ಮನುಷ್ಯನ ಸ್ಥಾನ 1957ರಲ್ಲೇ ಬದಲಾಯ್ತು, ನಂಗೆ ಹೇಳ್ಬೇಕಾಗಿರೋದು ಆ ಬದಲಾವಣೆ ಬಗ್ಗೆ.

ಮೂರೂವರೆ ಹೊತ್ತಿಗೆ ರಶ್ ಕಮ್ಮಿ ಆಯ್ತು. ನಮ್ಮ ಪಕ್ಕದ ಪಕ್ಕದ ಟೇಬಲಿಗೆ ಒಬ್ಬ ವಯಸ್ಸಾದ ಬೇರರ್ ಬಂದು ಕೂತ್ರು. ಪೇಟ ತೆಗೆದು ಬೀಸಣಿಗೆ ಮುರೀದ ಹಾಗೆ ಹುಷಾರಾಗಿ ಪಕ್ಕದ ಕುರ್ಚಿ ಮೇಲಿಟ್ರು, ತಟ್ಟೆಯಲ್ಲಿ ಅನ್ನ ಸಾರು ಹಾಕ್ಕೊಂಡು ಬಂದು ಗಿರಾಕಿಗಳು ಕೂರೋ ಅದೇ ಕುರ್ಚಿ ಅದೇ ಟೇಬಲಲ್ಲಿ ಊಟ ಮಾಡಿದ್ರು. ಯಾರೂ ಬಂದು ಏಳು ಅನ್ನಲಿಲ್ಲ, ಅವ್ರೂ ಯಾರಾದ್ರೂ ನೋಡ್ತಿದಾರಾ ಅಂತ ಆ ಕಡೆ ಈ ಕಡೆ ನೋಡ್ಲಿಲ್ಲ. ನನ್ನ ಫ್ರೆಂಡ್ ದೋಸೆ ತಿನ್ನೋದು ನಿಲ್ಲಿಸಿ ಅದನ್ನೇ ನೋಡ್ತಾ ಕೂತ. ನಮ್ಮ ಆ ಹೋಟ್ಲಲ್ಲಿ ನಾವು ಊಟ ಮಾಡ್ತಿದ್ದಿದ್ದು ಪಾತ್ರೆ ತೊಳೆಯೋ ಜಾಗದ ಪಕ್ಕ ನಿಂತ್ಕೊಂಡು, ಕಾಲ ಕೆಳಗೆ ನೀರು, ಐದು ನಿಮಿಷ ಜಾಸ್ತಿ ಆದ್ರೆ ಗಲ್ಲಾದಿಂದ ಕೂಗು. ಗ್ಲಾಸ್ ಒಡೆದ್ರೆ ಸಂಬಳದಲ್ಲಿ ಕಟ್, ಟಿಪ್ಸ್ ಎಲ್ಲಾ ಒಂದು ಡಬ್ಬಿಗೆ ಹಾಕ್ಬೇಕು ಆ ಡಬ್ಬಿ ಎಲ್ಲಿಗೆ ಹೋಗುತ್ತೆ ಕೇಳಂಗಿಲ್ಲ, ರಜಾ ಕೇಳಿದ್ರೆ ಊರಿಗೇ ಹೋಗಿ ಇದ್ಬಿಡು ಅನ್ನೋರು. ಗಿರಾಕಿ ಕೂತ ಕುರ್ಚಿಲಿ ಕೂತು ಉಣ್ಣೋದು ಅಂದ್ರೆ ಅವತ್ತು ನಮ್ಮ ಕನಸಲ್ಲೂ ಬರ್ತಿರಲಿಲ್ಲ.

ಈ ವ್ಯತ್ಯಾಸ ಆ ಹೋಟೆಲ್ ಓನರ್ ಕೆಟ್ಟವನು, ಇಲ್ಲಿನವ್ರು ಒಳ್ಳೆಯವ್ರು ಅನ್ನೋದ್ರಿಂದ ಬಂದಿದ್ದಲ್ಲ. ಇಲ್ಲಿ ಓನರ್ ಅಂತ ಬೇರೆ ಒಬ್ಬ ಇಲ್ಲವೇ ಇಲ್ಲ, ಕೆಲಸಗಾರರ ಸಹಕಾರ ಸಂಘ ನಡೆಸ್ತಿರೋ ಹೋಟೆಲ್ ಇದು. ಕಥೆ ಗೊತ್ತಿಲ್ದವ್ರಿಗೆ ಸಣ್ಣದಾಗಿ ಹೇಳ್ತೀನಿ. ಕಾಫಿ ಹೌಸುಗಳು ಶುರುವಾಗಿದ್ದು 1936ರಲ್ಲಿ ಮುಂಬೈಯಲ್ಲಿ, ಕಾಫಿ ಸೆಸ್ ಕಮಿಟಿಯಿಂದ, ನಮ್ಮ ಕೊಡಗು ಚಿಕ್ಕಮಗಳೂರು ಕಡೆ ಬೆಳೆದ ಕಾಫಿಗೆ ದೇಶದೊಳಗೇ ಕುಡಿಯೋರನ್ನ ಹುಟ್ಟಿಸ್ಬೇಕು ಅಂತ. ಆಮೇಲೆ ಕಾಫಿ ಬೋರ್ಡ್ ಕೈಗೆ ಬಂತು. ಐವತ್ತರ ದಶಕದ ಮಧ್ಯದಲ್ಲಿ ಬೋರ್ಡು ಇವನ್ನ ಮುಚ್ಚೋಕೆ ಹೊರಟಿತು, ಕೆಲಸದವ್ರೆಲ್ಲ ಬೀದಿಗೆ ಬೀಳೋ ಹೊತ್ತಲ್ಲಿ ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಈ ಕೆಲಸಗಾರರ ಜೊತೆ ನಿಂತು, ಮುಚ್ಚೋದಾದ್ರೆ ನಡೆಸೋ ಹಕ್ಕು ಕೆಲಸಗಾರರಿಗೇ ಕೊಡಿ ಅಂತ ಹಟ ಹಿಡಿದ್ರು. ಆಗ ಹುಟ್ಟಿದ ಮೊದಲ ಕೆಲಸಗಾರರ ಸಂಘ ಯಾವ ಊರಿಂದು ಗೊತ್ತಾ, ನಮ್ಮ ಬೆಂಗಳೂರಿಂದು, 1957ರ ಆಗಸ್ಟ್ 19. ದೆಹಲಿಯಲ್ಲಿ ಕೆಲಸಗಾರರ ಕಾಫಿ ಹೌಸ್ ತೆರೆದಿದ್ದು ಅದೇ ವರ್ಷ ಅಕ್ಟೋಬರಲ್ಲಿ, ತ್ರಿಶೂರು 1958ರಲ್ಲಿ, ಇವತ್ತು ಕೇರಳದಲ್ಲೇ ಐವತ್ತಕ್ಕೂ ಜಾಸ್ತಿ ಕಾಫಿ ಹೌಸಿವೆ, ಕೋಲ್ಕತ್ತದ ಕಾಲೇಜ್ ಸ್ಟ್ರೀಟಿಂದು ಎಲ್ಲರಿಗೂ ಗೊತ್ತಿರೋದೇ. ಇಷ್ಟು ದೊಡ್ಡ ವಿಷಯದ ಮೊದಲ ಹೆಜ್ಜೆ ನಮ್ಮೂರಲ್ಲಿ ಬಿದ್ದಿದೆ ಅಂತ ಬೆಂಗಳೂರಿನವ್ರಿಗೇ ಗೊತ್ತಿಲ್ಲ, ನಂಗೆ ಇದು ತುಂಬಾ ಬೇಜಾರಿನ ವಿಷಯ.

ಸಹಕಾರ ಸಂಘ ಅಂದ್ರೆ ನಮ್ಮ ಜನಕ್ಕೆ ತಲೆಗೆ ಬರೋದು ಹಾಲಿನ ಡೈರಿ, ಸೊಸೈಟಿ ಸಾಲ. ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು ಯಾಕಂದ್ರೆ ನನ್ನ ಫ್ರೆಂಡೂ ಅದೇ ಕೇಳಿದ. ನಂದಿನಿ ಹಾಲು ಸಹಕಾರಿನೇ, ಆದ್ರೆ ಅಲ್ಲಿ ಸದಸ್ಯರು ಹಾಲು ಹಾಕೋ ರೈತರು, ಡೈರಿಯಲ್ಲಿ ಪ್ಯಾಕೆಟ್ ತುಂಬೋ ಹುಡುಗ ಸಂಬಳಕ್ಕೆ ದುಡಿಯೋನು ಅಷ್ಟೇ. ಕೆಲಸಗಾರರ ಸಂಘದಲ್ಲಿ ಷೇರುದಾರನೂ ಅವನೇ ತಟ್ಟೆ ಎತ್ತೋನೂ ಅವನೇ. ಷೇರು ಒಂದಿರಲಿ ಹತ್ತಿರಲಿ ವೋಟು ಒಂದೇ, ಇದು ಸಹಕಾರ ಕಾನೂನಲ್ಲೇ ಇದೆ, ಲಕ್ಷಗಟ್ಟಲೆ ಹಾಕಿದವನು ಲಕ್ಷ ವೋಟು ಹಾಕೋ ಕಂಪನಿ ಥರ ಅಲ್ಲ. ವರ್ಷಕ್ಕೊಮ್ಮೆ ಮಹಾಸಭೆ, ಲೆಕ್ಕಪತ್ರ ಎದುರಿಗಿಟ್ಟು ಓದ್ಬೇಕು, ಆಡಳಿತ ಮಂಡಳಿಗೆ ಚುನಾವಣೆ, ಲಾಭದಲ್ಲಿ ಒಂದು ಪಾಲು ಆಪದ್ಧನ ನಿಧಿಗೆ ತೆಗೆದಿಡ್ಬೇಕು, ಆಮೇಲೆ ಉಳಿದಿದ್ದು ಹಂಚಿಕೆ. ಆಪದ್ಧನ ನಿಧಿ ಅನ್ನೋ ಪದ ನಂಗೆ ಬಹಳ ಇಷ್ಟ. ನಮ್ಮ ಹೋಟ್ಲಲ್ಲಿ ಆಪತ್ತು ಬಂದಾಗ ಇದ್ದಿದ್ದು ಸಾಹುಕಾರರ ಹತ್ರ ಅಡ್ವಾನ್ಸ್ ಕೇಳೋದೊಂದೇ ದಾರಿ, ಆ ಅಡ್ವಾನ್ಸೇ ಮುಂದೆ ಕೆಲಸ ಬಿಡೋಕಾಗ್ದೇ ಇರೋ ಹಾಗೆ ಕಟ್ಟಿಹಾಕ್ತಿತ್ತು.

ಇಲ್ಲಿ ಸರ್ವಿಸ್ ನಿಧಾನ ಅಂತ ಕಂಪ್ಲೇಂಟ್ ಓದಿರ್ತೀರ. ಗಡಿಬಿಡಿ ಇಲ್ಲ ಅನ್ನೋದು ನಿಜ, ಆದ್ರೆ ಅದು ಅಸಡ್ಡೆ ಅಲ್ಲ, ಹಿಂದೆ ನಿಂತು ಬೇಗ ಬೇಗ ಟೇಬಲ್ ಖಾಲಿ ಮಾಡ್ಸು ಅಂತ ಗದರೋನು ಇಲ್ಲ, ಅದಕ್ಕೇ ನೀವು ಒಂದು ಕಾಫಿ ಇಟ್ಕೊಂಡು ಒಂದು ಗಂಟೆ ಪುಸ್ತಕ ಓದಿದ್ರೂ ಬಿಲ್ ತಂದು ಮುಖಕ್ಕೆ ಹಿಡಿಯಲ್ಲ. ಗಿರಾಕಿಗೆ ಸಿಗೋ ಈ ನೆಮ್ಮದಿ ಕೆಲಸದವ್ರಿಗೆ ಇರೋ ನೆಮ್ಮದಿಯಿಂದಾನೇ ಬರ್ತಿರೋದು ಅಂತ ನನ್ನ ನಂಬಿಕೆ. ದರ್ಶಿನಿಯಲ್ಲಿ ನಿಂತು ಎರಡು ನಿಮಿಷದಲ್ಲಿ ತಿಂದು ಓಡೋದು ಬೇಕು ಅಂದ್ರೆ ಅದಕ್ಕೆ ದರ್ಶಿನಿ ಇದೆಯಲ್ಲ.

ಹಾಗಂತ ಸಂಘ ಅಂದ ತಕ್ಷಣ ಎಲ್ಲಾ ಸರಿಯಾಗ್ಬಿಡುತ್ತೆ ಅಂತ ನಾನು ಹೇಳಲ್ಲ. ಹಳ್ಳಿ ಕಡೆ ಸೊಸೈಟಿ ಚುನಾವಣೆ ಹೇಗೆ ನಡೆಯುತ್ತೆ ಅಂತ ನಮಗೆಲ್ಲ ಗೊತ್ತು, ಪಾರ್ಟಿ ಗಲಾಟೆ, ಅದೇ ಮನೆಯವ್ರೇ ಡೈರೆಕ್ಟರು. ಐದು ವರ್ಷಕ್ಕೊಮ್ಮೆ ವೋಟು ಹಾಕಿ ಸುಮ್ಮನಾದ್ರೆ ಅಲ್ಲೂ ಒಬ್ಬ ಹೊಸ ಸಾಹುಕಾರ ಹುಟ್ಕೋತಾನೆ, ಸಭೆಲಿ ಎದ್ದು ನಿಂತು ಲೆಕ್ಕ ಕೇಳೋ ಜನ ಬೇಕೇ ಬೇಕು. ಇನ್ನೊಂದು, ಕೈಲಿ ಬಂಡವಾಳ ಕಮ್ಮಿ. ಎಂ.ಜಿ. ರೋಡಲ್ಲಿ ಐವತ್ತು ವರ್ಷದ ಹತ್ರ ಹತ್ರ ಇದ್ದ ಕಾಫಿ ಹೌಸನ್ನ 2009ರಲ್ಲಿ ಬಿಡಬೇಕಾಯ್ತು, ಆಮೇಲೆ ಚರ್ಚ್ ಸ್ಟ್ರೀಟಿಗೆ ಬಂದಿದ್ದು. ಹೋಟೆಲ್ ಕೆಲಸಗಾರರದೇ ಆದ್ರೂ ಜಾಗ ಅವರದಲ್ಲ. ಇಂಥಾ ರಸ್ತೆಗಳಲ್ಲಿ ಬಾಡಿಗೆ ಏರ್ತಾ ಹೋದ್ರೆ ದೊಡ್ಡ ದುಡ್ಡಿನ ಚೈನ್ ಕೆಫೆ ಎದುರಿಗೆ ಇಂಥವ್ರು ಎಷ್ಟು ದಿನ ನಿಲ್ತಾರೆ, ಸರ್ಕಾರಿ ಜಾಗ ಇಂಥ ಸಂಘಗಳಿಗೆ ಕೊಟ್ರೆ ಏನು ಗಂಟು ಹೋಗುತ್ತೆ ಅಂತ ನಂಗೆ ಸಿಟ್ಟೇ ಬರುತ್ತೆ.

ಹೋಟ್ಲಿಗೆ ಮಾತ್ರ ಆಗೋ ವ್ಯವಸ್ಥೆ ಇದು ಅಂತ ಕೆಲವರು ಅಂತಾರೆ. ಸ್ಪೇನಿನ ಬಾಸ್ಕ್ ಸೀಮೆಯಲ್ಲಿ ನಮ್ಮ ಬೆಂಗಳೂರು ಸಂಘಕ್ಕಿಂತ ಒಂದೇ ವರ್ಷ ಮುಂಚೆ, 1956ರಲ್ಲಿ, ಒಬ್ಬ ಪಾದ್ರಿಯ ಹತ್ರ ಓದಿದ ಹುಡುಗರು ಸೇರಿ ಒಲೆ ಹೀಟರ್ ಮಾಡೋ ಸಣ್ಣ ಕೆಲಸ ಶುರುಮಾಡಿದ್ರು, ಅದೇ ಇವತ್ತಿನ ಮೊಂಡ್ರಗಾನ್, ಹತ್ತಾರು ಸಾವಿರ ಜನ, ಕಾರ್ಖಾನೆ, ಬ್ಯಾಂಕು, ಸೂಪರ್ ಮಾರ್ಕೆಟ್ಟು, ಯೂನಿವರ್ಸಿಟಿನೂ ಇದೆ. 2013ರಲ್ಲಿ ಅವರ ಫಾಗೋರ್ ಅನ್ನೋ ಮನೆಸಾಮಾನಿನ ಕಂಪನಿ ಮುಳುಗಿತು, ಆಗ ಅಲ್ಲಿನ ಸುಮಾರು ಸದಸ್ಯರಿಗೆ ಬೇರೆ ಸಂಘಗಳಲ್ಲಿ ಕೆಲಸ ಕೊಟ್ರು. ಸೋಲು ಅಲ್ಲೂ ಬರುತ್ತೆ, ಬಂದಾಗ ಮೊದಲು ಮನುಷ್ಯನನ್ನ ಹೊರಗೆ ಹಾಕಲ್ಲ.

ಅಷ್ಟು ದೂರ ಬೇಡ, ಕಣ್ಣೂರಿಗೆ ಬನ್ನಿ. ಬೀಡಿ ಕಾರ್ಮಿಕರಿಗೆ ಕನಿಷ್ಠ ಸವಲತ್ತು ಕೊಡಿ ಅಂತ 1966ರಲ್ಲಿ ಕಾನೂನು ಬಂತು, ಕೇರಳದಲ್ಲಿ ಅದು ಜಾರಿಯಾಗೋ ಹೊತ್ತಿಗೆ 1968ರಲ್ಲಿ ಮಂಗಳೂರಿನ ದೊಡ್ಡ ಬೀಡಿ ಕಂಪನಿಗಳು ಅಲ್ಲಿ ಕೆಲಸ ನಿಲ್ಲಿಸಿ ಎದ್ದು ಬಂದ್ವು, ಸಾವಿರಾರು ಜನ ಒಂದೇ ಏಟಿಗೆ ಖಾಲಿ ಕೈ. 1969ರಲ್ಲಿ ಆ ಜನಾನೇ ಕಟ್ಟಿದ್ದು ದಿನೇಶ್ ಬೀಡಿ ಸಹಕಾರ ಸಂಘ. ಬೀಡಿ ಸುತ್ತುವಾಗ ಒಬ್ಬ ಎದುರಿಗೆ ಕೂತು ಪೇಪರ್ ಓದಿ ಹೇಳೋದು ಅಲ್ಲಿನ ಪದ್ಧತಿ. ಬೀಡಿ ಸೇದೋರು ಕಮ್ಮಿ ಆದ್ಮೇಲೆ ಬಾಗಿಲು ಹಾಕ್ದೇ ಛತ್ರಿ, ಮಸಾಲೆ ಪುಡಿ, ಬಟ್ಟೆ ಅಂತ ಬೇರೆ ಬೇರೆ ಕಡೆ ಹೊರಳಿದ್ರು.

ಇದನ್ನೆಲ್ಲ ಹೇಳ್ತಾ ಹೇಳ್ತಾ ನಮ್ಮ ಕಾಫಿ ಆರಿತ್ತು, ಇನ್ನೊಂದು ತರಿಸ್ಕೊಂಡ್ವಿ. ನನ್ನ ಫ್ರೆಂಡ್ ಸುಮಾರು ಹೊತ್ತು ಮಾತಾಡ್ಲಿಲ್ಲ, ಆಮೇಲೆ ಟಿಶ್ಯೂ ಪೇಪರ್ ಮೇಲೆ ಲೆಕ್ಕ ಹಾಕೋಕೆ ಶುರುಮಾಡಿದ, ಅವನ ಜೊತೆ ಅಡಿಗೆ ಭಟ್ಟರು ಇಬ್ಬರು, ಸಪ್ಲೈಯರ್ ಆರು ಜನ, ಕಾಫಿ ಹಾಕೋನು ಒಬ್ಬ, ಎಲ್ಲರಿಗೂ ಇಪ್ಪತ್ತು ವರ್ಷದ ಅನುಭವ, ಒಬ್ಬೊಬ್ಬರು ಇಷ್ಟಿಷ್ಟು ಹಾಕಿದ್ರೆ ಅಡ್ವಾನ್ಸಿಗೆ ಎಷ್ಟು ಆಗುತ್ತೆ ಅಂತ. ಬೆಂಗಳೂರಲ್ಲಿ ಅಂಗಡಿ ಅಡ್ವಾನ್ಸ್ ನೆನಸ್ಕೊಂಡು ಪೆನ್ನು ಕೆಳಗಿಟ್ಟ, ಮತ್ತೆ ಎತ್ಕೊಂಡ. ನಾನು ಯಾವತ್ತೂ ಅವನ ಮುಖದಲ್ಲಿ ಅಷ್ಟು ಆಸೆ ನೋಡಿರ್ಲಿಲ್ಲ.

ಹೋಗೋರಿಗೆ: ಶನಿವಾರ ಭಾನುವಾರ ಬೆಳಿಗ್ಗೆ ತುಂಬಾ ರಶ್ಶು, ವಾರದ ದಿನ ಮಧ್ಯಾಹ್ನ ಮೂರರ ಮೇಲೆ ಹೋಗಿ. ಮೆಟ್ರೋದಲ್ಲಿ ಎಂ.ಜಿ. ರೋಡಿಗೆ ಇಳಿದು ನಡ್ಕೊಂಡು ಹೋಗ್ಬಹುದು, ಗಾಡಿ ತಗೊಂಡು ಹೋದ್ರೆ ಪಾರ್ಕಿಂಗಿಗೇ ಅರ್ಧ ಗಂಟೆ. ಐದಕ್ಕೆ ಐದು ಸ್ಟಾರ್ ಕೊಡ್ತೀನಿ. ಟಿಪ್ಸ್ ಇಡೋದು ಮರೀಬೇಡಿ.