ಇಳಿಜಾರು ದಾರಿಯ ಕೆಸರಿಗೆ ಪ್ರೆಶರ್ ವಾಷರ್ ಕೊಳ್ಳಬಹುದಾ?

ನಮ್ಮ ಮನೆ ಬೆಂಗಳೂರಿನ ಕನಕಪುರ ರಸ್ತೆಯಿಂದ ಒಳಗೆ, ತಾತಗುಣಿ ಕಡೆ. ಗೇಟಿನಿಂದ ಮನೆತನಕ ಉದ್ದದ, ಕಡಿದಾದ ಕಾಂಕ್ರೀಟ್ ದಾರಿ. ಸೆಪ್ಟೆಂಬರ್ ಮಳೆಗೆ ಮೇಲಿನ ತೋಟದ ಕೆಂಪು ಮಣ್ಣೆಲ್ಲ ದಾರಿ ಮೇಲೆ ಬರುತ್ತದೆ. ಜೊತೆಗೆ ಪಾಚಿ. ನಮ್ಮ ಅತ್ತೆಗೆ ಗೇಟಿನವರೆಗೆ ನಡೆಯೋಕೂ ಭಯ.

ಎಸ್.ಪಿ. ರಸ್ತೆಯಲ್ಲಿ 130 ಬಾರ್ ಒತ್ತಡದ ಪ್ರೆಶರ್ ವಾಷರ್, ಅಂದರೆ ನೀರನ್ನು ಜೋರಾಗಿ ಚಿಮ್ಮಿಸಿ ತೊಳೆಯುವ ಯಂತ್ರ, ಕೊಂಡೆ. ಪಾಚಿಗೆ ಇದು ನಿಜಕ್ಕೂ ಅದ್ಭುತ. ತಿರುಗುವ ನಾಝಲ್ ಹಾಕಿದರೆ ಕಾಂಕ್ರೀಟಿನ ಬಣ್ಣ ಹೊಸದಾಗಿ ಕಾಣುತ್ತದೆ. ತುಂಬಾ ಹತ್ತಿರ ಹಿಡಿಯಬೇಡಿ, ಸಿಮೆಂಟ್ ಕಿತ್ತು ಬರುತ್ತದೆ.

ದಪ್ಪ ಕೆಸರಿಗೆ ಮಾತ್ರ ಇದು ಆಗಲ್ಲ. ನೀರು ಸುಮ್ನೆ ಖರ್ಚು, ಮಣ್ಣು ಕೆಳಗಿನ ಮೋರಿಯಲ್ಲಿ ಕಟ್ಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಊರಲ್ಲಿ ಅದು ತಪ್ಪು ಅಲ್ವಾ? ಮೊದಲು ಸಲಿಕೆಯಲ್ಲಿ ಎಳೆದು ಮಂಕರಿಗೆ ತುಂಬಿ, ತೆಂಗಿನ ಬುಡಕ್ಕೆ ಹಾಕಿ. ಮಣ್ಣು ಅರ್ಧ ಒಣಗಿದಾಗಲೇ ತೆಗೆಯಬೇಕು. ಪೂರ್ತಿ ಒಣಗಿದರೆ ಗುದ್ದಲಿಯೇ ಬೇಕು. ಆಮೇಲೆ ಮೇಲಿನಿಂದ ಕೆಳಕ್ಕೆ ತೊಳೆಯುತ್ತಾ ಬನ್ನಿ.

ಬೇಜಾರಿನ ವಿಷಯ ಯಂತ್ರದ ಚಕ್ರದ್ದು. ಲಾಕ್ ಇಲ್ಲ. ಇಳಿಜಾರಿನಲ್ಲಿ ಪ್ರತಿ ಸಲ ಕಲ್ಲು ಕೊಟ್ಟು ನಿಲ್ಲಿಸಬೇಕು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ನೋಡಿಕೊಳ್ಳಿ. ಬೋರ್ ನೀರಾದರೆ ಫಿಲ್ಟರನ್ನೂ ಕೇಳಿ ಹಾಕಿಸಿಕೊಳ್ಳಿ.